ನಿಂತು ನೋಡಿದ ಹೋರಿ

ಕೊಂಬಿರುವ ಯಾವ ಪ್ರಾಣಿಯನ್ನು ಕಂಡರೂ ನನಗೆ ಮೊದಲಿನಿಂದ ಭಯ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಘಾಟಿನ ನಡುವೆ ಬೆಳೆದವಳು ನಾನು. ನಮ್ಮ ಓಣಿಯಲ್ಲಿ ಸೀನುವವರಿದ್ದರೇ ಹೊರತು ದನ ಸಾಕುವವರು ಇರಲಿಲ್ಲ. ಹಾವೇರಿ ಹತ್ತಿರದ ಅಗಡಿಗೆ ಮದುವೆಯಾಗಿ ಬಂದ ದಿನ, ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಒದೆಯಲು ಕಾಲೆತ್ತಿದ್ದೆನೋ ಇಲ್ಲವೋ, ಪಕ್ಕದ ಕೊಟ್ಟಿಗೆಯಿಂದ ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಎಳೆಯ ಹೋರಿಯೊಂದು ಮೇವಿನ ಗೋದಲಿಯಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಹೆದರಬ್ಯಾಡ ಯವ್ವಾ, ಅಂವ ನಿನ್ನ ಮೈದುನ,” ಅಂದರು ಅತ್ತೆ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಆ ಹೋರಿಗೆ ಊರವರು ಇಟ್ಟ ದೊಡ್ಡ ಹೆಸರೊಂದಿತ್ತು, ಬ್ಯಾನರಿನ ಮೇಲೆ ಬರೆಸುವಂಥದ್ದು. ಮನೆಯಲ್ಲಿ ಅದು ಬರೀ ‘ತಮ್ಮ’. ಹುಟ್ಟಿದ ಸ್ವಲ್ಪ ದಿನಕ್ಕೇ ಅದರ ತಾಯಿ ಸತ್ತಿತ್ತಂತೆ. ಇವರು ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿ ಬಿದ್ದಾಗ ತಮ್ಮ ಹೆಗಲ ಮೇಲಿನ ಚೌಕಳಿ ಟವೆಲ್ಲನ್ನೇ ಹೊದಿಸಿ ಅದನ್ನು ಬದುಕಿಸಿದ್ದರು. ಇವರು ಅಂದರೆ ನನ್ನ ಗಂಡ. ಮದುವೆಯಾದ ಹೊಸದರಲ್ಲಿ ನನಗೆ ಇದನ್ನೆಲ್ಲ ಹೇಳುವಾಗ ಅವರ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ನನ್ನ ಬಗ್ಗೆ ಎಂದಾದರೂ ಇವರು ಹೀಗೆ ಮಾತಾಡಿಯಾರೇ ಎಂದು ಹೊಟ್ಟೆಕಿಚ್ಚಾಗುತ್ತಿತ್ತು. ಹೋರಿಯೊಂದನ್ನು ಸವತಿಯೆಂದುಕೊಂಡ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಲಿಕ್ಕಿಲ್ಲ.

ದೀಪಾವಳಿ ಬಂತೆಂದರೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ಶುರು. ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ, ಕೊಂಬಿಗೆ ಬಲೂನು, ಬೆನ್ನಿಗೆ ಬಣ್ಣದ ಬಟ್ಟೆಯ ಝೂಲ ಹಾಕಿ, ಜನ ಕಿಕ್ಕಿರಿದ ದಾರಿಯಲ್ಲಿ ಬಿಡುತ್ತಾರೆ. ಎರಡೂ ಕಡೆಯಿಂದ ಕೇಕೆ, ಹಲಗೆಯ ಬಡಿತ, ಪಟಾಕಿ. ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಆಚೆ ತುದಿ ಮುಟ್ಟಿದ ಹೋರಿ ಗೆದ್ದಂತೆ. ನಮ್ಮ ತಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಬ್ಬಗಳಲ್ಲೆಲ್ಲ ಓಡಿ ಒಮ್ಮೆಯೂ ಸಿಕ್ಕಿರಲಿಲ್ಲ. ಅಂಗಳದ ಬೈಕು, ಒಳಗಿನ ಕಪಾಟು, ನಾನು ಚಟ್ನಿ ರುಬ್ಬುವ ಮಿಕ್ಸಿ, ಎಲ್ಲ ಅದು ಗೆದ್ದು ತಂದದ್ದು. “ಮಿಕ್ಸಿ ನಮ್ಮ ತಮ್ಮನ ದುಡಿಮಿ, ಹಗೂರ ತಿರುವು,” ಎಂದು ಅತ್ತೆ ದಿನಾ ನೆನಪಿಸುತ್ತಿದ್ದರು.

ಇವರು ಯಾವಾಗಲೂ ದಾರಿಯ ಆಚೆ ತುದಿಯಲ್ಲಿ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಅದೇ ಚೌಕಳಿ ಟವೆಲ್ಲು ಬಲ ಹೆಗಲ ಮೇಲೆ. ಹಬ್ಬಗಳು ಶುರುವಾದ ಮೇಲೆ ಬೇಸಿಗೆ ಬರುವ ತನಕ ಆ ಟವೆಲ್ಲನ್ನು ಒಗೆಯುವಂತಿಲ್ಲ. ಇದು ನಮ್ಮ ಮನೆಯ ಕಟ್ಟುನಿಟ್ಟು. ಬೆವರು, ಸಗಣಿ, ಬೀಡಿ, ಹಿಂಡಿ ಎಲ್ಲ ಸೇರಿ ಅದು ನಾರುವ ಪರಿಗೆ ನಾನು ಊಟ ಬಡಿಸುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಜಗಳವೂ ಆಗುತ್ತಿತ್ತು.

“ತಮ್ಮ ಆ ವಾಸನಿ ಹಿಡಕೊಂಡ ನನ್ನ ಕಡೆ ಬರ್ತೈತಿ,” ಅನ್ನುತ್ತಿದ್ದರು ಇವರು. “ಒಗದ್ರ ನಾ ಯಾರೋ, ಅದು ಯಾರೋ.”

ಆ ವರ್ಷ ಇವರ ಗೆಳೆಯರು ರಾಣೆಬೆನ್ನೂರಿನಲ್ಲಿ ಹಳದಿ ಟೀ ಶರ್ಟು ಹಾಕಿಸಿ ತಂದರು. ಎದೆಯ ತುಂಬ ಹೋರಿಯ ಫೋಟೋ. ಎಲ್ಲರಿಗಿಂತ ದೊಡ್ಡ ಫೋಟೋ ಇವರದಕ್ಕೆ. ಹೊಸ ಬಟ್ಟೆಯ ಮೇಲೆ ಬಣ್ಣದ ಘಾಟು ಹೊಡೆಯುತ್ತಿತ್ತು, ಅದರ ಮೇಲೆ ಗೆಳೆಯರು ಸೆಂಟು ಬೇರೆ ಹೊಡೆದರು. ರಾಣೆಬೆನ್ನೂರು ಕಡೆಯ ಒಂದು ಊರಿನ ಹಬ್ಬ ಅದು. ಅಲ್ಲಿ ಟೆಂಪೋದಿಂದ ಇಳಿಯುವಾಗ ಇವರು ಟವೆಲ್ಲು ಹೆಗಲಿಗೆ ಹಾಕಿಕೊಂಡರಂತೆ. “ಫೋಟೋ ಮುಚ್ಚತೈತಲ್ಲೋ, ತಗೀ ಅದನ್ನ,” ಎಂದು ಗೆಳೆಯರು ನಕ್ಕರಂತೆ. ಇವರು ಟವೆಲ್ಲನ್ನು ಟೆಂಪೋದಲ್ಲೇ ಬಿಟ್ಟು ಹೋದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಯಾರಿಗೂ ಅದು ಹೇಳುವಂಥ ಸಂಗತಿ ಅನ್ನಿಸಿರಲಿಲ್ಲ.

ಮಧ್ಯಾಹ್ನ ನಾನು ಅಂಗಳದಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಾಗ ಇವರ ಗೆಳೆಯರೊಬ್ಬರ ಫೋನು ಬಂತು. “ವೈನಿ, ಲಗೂ ಹಾವೇರಿ ದವಾಖಾನಿಗೆ ಬರ್ರಿ. ಹೋರಿ ಹಾದೈತಿ.”

“ಯಾರ ಹೋರಿ?” ಅಂದೆ.

ಆಚೆ ಕಡೆ ಫೋನು ಇಟ್ಟರು. ಶೇಂಗಾ ಅಲ್ಲೇ ಬಿಟ್ಟು ಎದ್ದೆ.

ಹಾದದ್ದು ನಮ್ಮ ತಮ್ಮನೇ. ಕೊಂಬಿನಿಂದ ತಿವಿದು ಇವರ ತೊಡೆ ಸೀಳಿತ್ತು. ಕೊಂಬು ಸ್ವಲ್ಪ ಮೇಲಕ್ಕೆ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಹೊಲದಲ್ಲಿ ಓಡುತ್ತಿದ್ದ ಹೋರಿಯನ್ನು ಗೆಳೆಯರು ಹಿಡಿದು ತಂದು ಮನೆಯಲ್ಲಿ ಕಟ್ಟಿದರು. ಅದರ ಕೊಂಬಿನ ಮೇಲೆ ಒಣಗಿದ ರಕ್ತವನ್ನು ಅತ್ತೆ ಒಬ್ಬರೇ ತೊಳೆದರು. ಮಗನ ರಕ್ತವನ್ನು ತೊಳೆಯುತ್ತ ಅವರು ಏನು ಅಂದುಕೊಂಡರೋ ನಾನು ಕೇಳಲಿಲ್ಲ.

ಅಷ್ಟರಲ್ಲಿ ವಿಡಿಯೋ ಎಲ್ಲರ ಫೋನಿಗೂ ಹೋಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನೂ ನೋಡಿದೆ. ಹೋರಿ ದೂಳೆಬ್ಬಿಸುತ್ತ ಬರುತ್ತದೆ. ಇವರು ಹಗ್ಗ ಹಿಡಿದು ನಿಂತಿದ್ದಾರೆ. ಇವರ ಮುಂದೆ ಬಂದು ಹೋರಿ ಗಕ್ಕನೆ ನಿಲ್ಲುತ್ತದೆ. ಅಷ್ಟು ಜನ ಬೆನ್ನು ಹತ್ತಿದಾಗಲೂ ನಿಲ್ಲದ ಹೋರಿ ಇವರೆದುರು ನಿಂತು, ತಲೆ ಎತ್ತಿ, ಇವರನ್ನು ನೋಡುತ್ತದೆ. ಆಮೇಲೆ ತಲೆ ತಗ್ಗಿಸುತ್ತದೆ. ಊರಿನ ತುಂಬ ಅದೇ ಮಾತು: ನಿಂತು ನೋಡಿ ಹಾದೈತಿ.

ಕೋಲೂರಿಕೊಂಡು ಮನೆಗೆ ಬಂದ ಮೇಲೆ ಇವರು ಕೊಟ್ಟಿಗೆಯ ಕಡೆ ತಿರುಗಿ ನೋಡಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಇವರ ದನಿ ಕೇಳಿದರೆ ಸಾಕು, ಕೊಟ್ಟಿಗೆಯಿಂದ ಹೋರಿ ಕೂಗುತ್ತಿತ್ತು. ಅದಕ್ಕೇ ಇವರು ಪಿಸುಗುಟ್ಟಿ ಮಾತಾಡತೊಡಗಿದರು. ವಿಡಿಯೋ ತೋರಿಸಲು ಬಂದವರನ್ನು ಬೈದು ಕಳಿಸಿದರು. ಒಂದು ದಿನ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದಾಗ ಹೇಳಿದರು:

“ಅದಕ್ಕ ನಾ ಅಂತ ಗೊತ್ತಿತ್ತು. ನನ್ನ ಕಣ್ಣಾಗ ಕಣ್ಣಿಟ್ಟು ನೋಡ್ತು. ಗೊತ್ತಿದ್ದೂ ಹಾದೈತಿ.”

ತೊಡೆಯ ಗಾಯ ಮಾಯುವುದೆಂದು ಡಾಕ್ಟರು ಹೇಳಿದ್ದರು. ಇದು ಮಾಯುವುದೆಂದು ಯಾರೂ ಹೇಳಲಿಲ್ಲ. ಕೈಯಾರೆ ಹಾಲು ಕುಡಿಸಿದ ಜೀವ ನನ್ನನ್ನು ಗುರುತಿಸಿ ಕೊಲ್ಲಲು ಬಂತು ಎಂಬ ಒಂದೇ ಮಾತನ್ನು ಇವರು ಒಳಗೊಳಗೇ ಅರೆಯುತ್ತಿದ್ದರು. ಹೋರಿಯನ್ನು ಮಾರುವುದೆಂದು ತೀರ್ಮಾನವಾಯಿತು. ಬ್ಯಾಡಗಿ ಕಡೆಯವರು ಕೊಳ್ಳಲು ತಯಾರಿದ್ದರು. ವಿಡಿಯೋ ನೋಡಿಯೇ ಅವರಿಗೆ ಆಸೆ ಹುಟ್ಟಿತ್ತು, ಇಂಥ ಸಿಟ್ಟಿನ ಹೋರಿಯನ್ನು ಬಿಟ್ಟರೆ ಜನ ಮುಗಿಬೀಳುತ್ತಾರೆ ಎಂದು.

ಅವರು ಬರುವ ತನಕ ಮೇವು ಹಾಕುವವರು ಯಾರು? ಅತ್ತೆಗೆ ಮೊಣಕಾಲು ನೋವು. ಉಳಿದವಳು ನಾನು.

ಆ ದಿನಗಳ ಹೆದರಿಕೆಯನ್ನು ಹೇಗೆ ಬರೆಯುವುದು? ಜೋಳದ ಕಣಕಿಯ ಹೊರೆ ಎದೆಗವಚಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮೊದಲು ಹಗ್ಗದ ಗಂಟನ್ನು ಎರಡು ಸಲ ನೋಡುತ್ತಿದ್ದೆ. ಹೋರಿ ರೇಗಿದ್ದರೆ, ಬುಸುಗುಟ್ಟಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಅದು ಸುಮ್ಮನೆ ನಿಂತು ನನ್ನನ್ನು ನೋಡುತ್ತಿತ್ತು. ನಾನು ಎಡಕ್ಕೆ ಹೋದರೆ ಕಣ್ಣು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಆ ದೊಡ್ಡ ಕರಿ ಕಣ್ಣಿನ ಹಿಂದೆ ಯಾರಾದರೂ ಇದ್ದಾರೆಯೇ? ಯಾರೂ ಇಲ್ಲದಿದ್ದರೆ ನಡೆದದ್ದು ಗೋಡೆ ಬಿದ್ದಂತೆ ಒಂದು ಅವಘಡ. ಗೋಡೆಯ ಮೇಲೆ ಸಿಟ್ಟು ಮಾಡುವವರುಂಟೇ? ಆದರೆ ಯಾರೋ ಇದ್ದರೆ? ನಿಂತು, ನೋಡಿ, ಯೋಚಿಸಿ, ಆಮೇಲೆ ತಿವಿದವರು ಯಾರೋ ಒಳಗೆ ಇದ್ದರೆ, ದಿನಕ್ಕೆರಡು ಬಾರಿ ನಾನು ಅವರೆದುರು ಬಗ್ಗಿ ಗೋದಲಿಗೆ ಮೇವು ಹಾಕುತ್ತಿದ್ದೇನೆ ಎಂದಾಯಿತು. ಬಗ್ಗಿದಾಗೆಲ್ಲ ನನ್ನ ಕುತ್ತಿಗೆಯ ಹಿಂದೆ ಚಳಿ ಹತ್ತುತ್ತಿತ್ತು.

ಶಾಲೆಯಲ್ಲಿ ನಾವು ಓದಿದ್ದು ಪ್ರಾಣಿಗಳಿಗೆ ಸಹಜ ಪ್ರವೃತ್ತಿ ಮಾತ್ರ ಎಂದು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದವಳು ನಾನು. ಈಗ ಅದು ಸಾಲಲಿಲ್ಲ. ಅತ್ತೆಯನ್ನು ಕೇಳಿದೆ, ದನಕ್ಕೆ ಆತ್ಮ ಇರುತ್ತದೆಯೇ ಎಂದು.

“ಏನ ಕೇಳ್ತಿ ಹುಚ್ಚಿ? ಬಸವಣ್ಣ ಅದು. ಅದರಾಗ ದೇವರು ಅದಾನ.”

“ಹಂಗಾರ ನಿಮ್ಮ ಮಗನ್ನ ಹಾದಾಂವ ದೇವರೇನ್ರಿ ಅತ್ತಿ?”

ಅತ್ತೆ ಕೇರುತ್ತಿದ್ದ ಮೊರವನ್ನು ಕುಕ್ಕಿ ಎದ್ದು ಹೋದರು. ಎರಡು ದಿನ ಮಾತು ಬಿಟ್ಟರು. ನನ್ನ ನಾಲಿಗೆಯೂ ಸ್ವಲ್ಪ ಚೂಪು, ಒಪ್ಪುತ್ತೇನೆ. ಹೆದರಿದಾಗ ಇನ್ನೂ ಚೂಪಾಗುತ್ತದೆ.

ಪಕ್ಕದ ಮನೆಯ ಚಾಚಿ ಇವರನ್ನು ನೋಡಲು ಬಂದಾಗ ಅವರನ್ನೂ ಕೇಳಿದೆ. ಚಾಚಿ ಮೆಲ್ಲುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡು ಹೇಳಿದರು.

“ರೂಹು ಇಲ್ದ ಜಾನವರ ಹೆಂಗ ಉಸಿರಾಡತೈತಿ ಬೇಟಿ? ಐತಿ. ಆದ್ರ ಮನಷ್ಯಾರಿಗೆ ಕೇಳಿದಂಗ ಅದಕ್ಕ ಹಿಸಾಬ ಕೇಳಾಂಗಿಲ್ಲ. ಹಿಸಾಬ ಎಲ್ಲಾ ನಮ್ಮದ.”

ಚಾಚಿ ಸಮಾಧಾನಕ್ಕೆಂದೇ ಹೇಳಿದ್ದರು. ನನಗೆ ಮಾತ್ರ ಹೆದರಿಕೆ ಹೆಚ್ಚಾಯಿತು. ಆತ್ಮ ಉಂಟು, ಆದರೆ ಉತ್ತರ ಕೊಡಬೇಕಾಗಿಲ್ಲ ಅಂದರೆ ಇನ್ನು ಅದನ್ನು ತಡೆಯುವುದು ಯಾವುದು?

ಆಸ್ಪತ್ರೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ದ ಇವರ ಹಳದಿ ಟೀ ಶರ್ಟನ್ನು ಅತ್ತೆ ನೆನೆಸಿ ಒಗೆದು ಇಟ್ಟಿದ್ದರು, ಬಣ್ಣದ ಘಾಟು ಮಾತ್ರ ಹೋಗಿರಲಿಲ್ಲ. ಹರಿದ ಬಟ್ಟೆಯನ್ನು ಅವರು ಬಿಸಾಡಿದ್ದನ್ನು ನಾನು ಕಂಡಿಲ್ಲ; ಅದು ಅಡುಗೆಮನೆಯಲ್ಲಿ ಕೈಬಟ್ಟೆಯಾಯಿತು. ಮಾರುವ ದಿನ ಬಂತು. ಆ ಬೆಳಿಗ್ಗೆ ಹೋರಿಗೆ ಹುರುಳಿ ಬೇಯಿಸಿದ್ದೆ. ಬಕೆಟ್ಟಿನ ಹಿಡಿಕೆ ಸುಡುತ್ತಿತ್ತೆಂದು ಆ ಹಳದಿ ಬಟ್ಟೆಯನ್ನೇ ಸುತ್ತಿಕೊಂಡು ಹೊರಟೆ.

ನಾನು ಬಾಗಿಲು ದಾಟಿದ್ದೇ ತಡ, ಹೋರಿ ಛಂಗನೆ ಹಿಂದಕ್ಕೆ ಹಾರಿತು. ಹಗ್ಗ ಬಿಗಿಯಾಗಿ ಗೂಟ ಕಿರುಗುಟ್ಟಿತು. ಮೂಗಿನ ಹೊಳ್ಳೆ ಅರಳಿ, ಕಣ್ಣಿನ ಬಿಳಿ ತಿರುಗಿತು. ಸತ್ತೆ ಅಂದುಕೊಂಡೆ. ಬಕೆಟ್ಟು ಕೈಯಿಂದ ಜಾರಿ ಹುರುಳಿ ಚೆಲ್ಲಿತು, ಹಳದಿ ಬಟ್ಟೆ ನಮ್ಮಿಬ್ಬರ ನಡುವೆ ಬಿತ್ತು. ನಾನು ಗೋಡೆಗೆ ಅಂಟಿ ನಿಂತೆ. ಅದೂ ಎದುರಿನ ಗೋಡೆಗೆ ಅಂಟಿ ನಿಂತಿತ್ತು. ಅದರ ಮೈಯೆಲ್ಲ ನಡುಗುತ್ತಿತ್ತು. ನೀರಿನಂತೆ ಸಗಣಿ ಹಾಕಿಕೊಂಡಿತು.

ಆಗ ಕಂಡೆ. ಅದು ನನ್ನನ್ನು ನೋಡುತ್ತಲೇ ಇರಲಿಲ್ಲ. ನೆಲದ ಮೇಲಿನ ಬಟ್ಟೆಯನ್ನು ನೋಡುತ್ತಿತ್ತು. ಬಾಗಿಲ ಹಿಂದಿನ ಕೋಲಿನಿಂದ ನಾನು ಆ ಬಟ್ಟೆಯನ್ನು ಹೊರಗೆಳೆದು ಎಸೆದೆ. ಬಹಳ ಹೊತ್ತಿನ ಮೇಲೆ ಹೋರಿ ನೆಲ ಮೂಸಿತು. ಇನ್ನೂ ನಡುಗುತ್ತಲೇ ಚೆಲ್ಲಿದ ಹುರುಳಿಗೆ ಬಾಯಿ ಹಾಕಿತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಫೋನು ತೆಗೆದು ಆ ವಿಡಿಯೋ ಹಾಕಿದೆ. ಎಷ್ಟೋ ಸಲ ನೋಡಿದ್ದೆ, ಆದರೆ ಪ್ರತಿ ಸಲವೂ ಕೊಂಬನ್ನೇ ನೋಡಿದ್ದೆ. ಊರೆಲ್ಲ ಕೊಂಬನ್ನೇ ನೋಡಿತ್ತು. ಈ ಸಲ ಅದರ ಮೂಗನ್ನು ನೋಡಿದೆ.

ಹೋರಿ ಬರುತ್ತದೆ. ತುದಿಯಲ್ಲಿ ಒಂದೇ ಥರದ ಹಳದಿ ಅಂಗಿಯವರು ನಾಲ್ಕೈದು ಮಂದಿ. ಒಬ್ಬರ ಕಡೆ ಹೋಗಿ ಬೆದರಿ ಸರಿಯುತ್ತದೆ, ಇನ್ನೊಬ್ಬರ ಕಡೆ ಹೋಗಿ ಸರಿಯುತ್ತದೆ. ಇವರ ಮುಂದೆ ನಿಲ್ಲುತ್ತದೆ. ಕತ್ತು ಚಾಚಿ ಮೂಗನ್ನು ಇವರ ಬಲ ಹೆಗಲಿಗೆ ತರುತ್ತದೆ. ಬರಿಯ ಹೆಗಲು. ಮೂಸುತ್ತದೆ, ಮತ್ತೊಮ್ಮೆ ಮೂಸುತ್ತದೆ. ಅಷ್ಟರಲ್ಲಿ ಹಿಂದಿನಿಂದ ಪಟಾಕಿ ಸರ ಸಿಡಿಯುತ್ತದೆ, ಯಾರೋ ಬಾಲ ಹಿಡಿದು ಜಗ್ಗುತ್ತಾರೆ, ಇವರು ಹಗ್ಗ ಹಾಕಲು ಕೈ ಎತ್ತುತ್ತಾರೆ. ಆಮೇಲೆ ಕೊಂಬು.

ನನಗೆ ಅಳು ಬಂತು. ಅದು ನಿಂತು ನೋಡಿದ್ದು ನಿಜ. ಇವರನ್ನು ಕೊಲ್ಲಲು ನಿಂತದ್ದಲ್ಲ, ಹುಡುಕಲು ನಿಂತದ್ದು. ಎದೆಯ ಮೇಲೆ ಅದರ ಫೋಟೋ ಹೊತ್ತವರ ಹತ್ತಿರ ಅದಕ್ಕೆ ಬೇಕಾದ ವಾಸನೆಯೊಂದೇ ಇರಲಿಲ್ಲ.

ಆದರೆ ಇದು ನನ್ನ ಊಹೆ. ಇವರಿಗೆ ಹೇಳಿದರೆ ನಂಬುವರೇ? ಫೋನು ತೋರಿಸಲು ಹೋದರೆ ಮುಖ ತಿರುಗಿಸುತ್ತಾರೆ. ಬ್ಯಾಡಗಿಯವರು ಆ ಮಧ್ಯಾಹ್ನವೇ ಹೊರಡುತ್ತೇವೆ ಎಂದಿದ್ದರು. ಟೆಂಪೋದಿಂದ ಬಂದ ಸಾಮಾನಿನ ಚೀಲ ಕಪಾಟಿನ ಹಿಂದೆ ಹಾಗೇ ಬಿದ್ದಿತ್ತು. ಬಿಚ್ಚಿದೆ. ಚೌಕಳಿ ಟವೆಲ್ಲು ಅದೇ ವಾಸನೆಯೊಂದಿಗೆ ಸಿಕ್ಕಿತು. ಮೊದಲ ಸಲ ನನಗೆ ಮೂಗು ಮುಚ್ಚಿಕೊಳ್ಳಬೇಕೆನಿಸಲಿಲ್ಲ.

ಅದನ್ನು ಬಲ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ಧೈರ್ಯ ಬಂದಿತ್ತೆಂದು ತಿಳಿಯಬೇಡಿ. ನನ್ನ ಊಹೆ ತಪ್ಪಾಗಿದ್ದರೆ ನಾನು ನಡೆಯುತ್ತಿದ್ದುದು ನೇರ ಕೊಂಬಿಗೆ. ಗೂಟದ ಹತ್ತಿರ, ಹಗ್ಗ ನಿಲುಕುವಷ್ಟು ಸಮೀಪ ಹೋಗಿ ಕಣ್ಣು ಮುಚ್ಚಿ ನಿಂತೆ. ಬಿಸಿ ಉಸಿರು ಮೊದಲು ಹೊಟ್ಟೆಗೆ, ಆಮೇಲೆ ಎದೆಗೆ, ಆಮೇಲೆ ಕುತ್ತಿಗೆಗೆ ತಾಗಿತು. ಎರಡು ಕೊಂಬುಗಳು ನನ್ನ ತಲೆಯ ಆಚೆ ಈಚೆ ಬಂದವು. ಒಂದು ಕೊಂಬು ಕಿವಿಯೋಲೆಗೆ ತಾಗಿ ಟಿಣ್ ಎಂದಿತು. ದೇವರೇ ದೇವರೇ ಅನ್ನುತ್ತಿದ್ದೆ. ಅದರ ಒದ್ದೆ ಮೂಗು ನನ್ನ ಹೆಗಲಿನ ಟವೆಲ್ಲಿನಲ್ಲಿ ಹುದುಗಿತು. ಅದು ಉದ್ದಕ್ಕೆ ಉಸಿರೆಳೆದುಕೊಂಡು, ಗಂಟಲೊಳಗೇ ಒಂದು ಸಣ್ಣ ದನಿ ತೆಗೆಯಿತು. ಕೂಗಲ್ಲ, ಹೂಂಕಾರವಲ್ಲ. ಇವರು ಹಾಲಿನ ಬಾಟಲಿ ಹಿಡಿದು ಹೋದಾಗ ಕರು ತೆಗೆಯುತ್ತಿತ್ತೆಂದು ಹೇಳುತ್ತಿದ್ದ ದನಿ ಅದೇ ಇರಬೇಕು. ನಾನಂತೂ ಅದನ್ನು ಕೇಳಿದ್ದು ಅದೇ ಮೊದಲು.

ಪಡಸಾಲೆಯಲ್ಲಿ ಕೋಲಿನ ಸದ್ದಾಗಿ ಕಣ್ಣು ಬಿಟ್ಟೆ. ಇವರು ಬಾಗಿಲಿಗೆ ಬಂದಿದ್ದರು. ಹೆಂಡತಿಯ ತಲೆ ಎರಡು ಕೊಂಬಿನ ನಡುವೆ ಇರುವುದನ್ನು ಕಂಡು ಹೊಸ್ತಿಲಲ್ಲೇ ಕೋಲೂರಿ ನಿಂತರು.

“ಅಲ್ಲಾಡಬ್ಯಾಡ,” ಅಂದರು ಪಿಸುದನಿಯಲ್ಲಿ. “ಅಲ್ಲೇ ನಿಂದ್ರು. ನಾ ಬರ್ತೇನಿ.”

“ಅದು ನನ್ನ ನೋಡವಲ್ದುರಿ,” ಅಂದೆ. “ನಿಮ್ಮನ್ನ ಹುಡಕಾಕತ್ತೈತಿ. ಅವತ್ತೂ ಹುಡಕಾಕತ್ತಿತ್ತು. ಟವೆಲ್ ಇರಲಿಲ್ಲಲ್ರಿ ನಿಮ್ಮ ಹೆಗಲ ಮ್ಯಾಲೆ.”

ಇವರ ದನಿಗೆ ಹೋರಿಯ ಕಿವಿ ತಿರುಗಿತ್ತು. ಇವರು ಕೋಲನ್ನು ಗೋಡೆಗಿಟ್ಟು, ಕುಂಟುತ್ತ ಒಳಗೆ ಬಂದು, ನನ್ನ ಹೆಗಲ ಮೇಲಿನ ಟವೆಲ್ಲನ್ನು ಮೆಲ್ಲಗೆ ಎಳೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಹೋರಿಯ ಮೂಗು ಟವೆಲ್ಲಿನ ಹಿಂದೆಯೇ ಹೋಯಿತು. ನಾನು ಗೋಡೆಗೆ ಜಾರಿ ಕೂತೆ. ಹೋರಿ ಇವರ ಹೆಗಲನ್ನು, ಕುತ್ತಿಗೆಯನ್ನು, ಕಿವಿಯನ್ನು ನೆಕ್ಕಿತು. ಇವರು ಅದರ ಕೊರಳಡಿಯ ಗಂಗೆದೊಗಲಿಗೆ ಮುಖ ಒತ್ತಿ “ತಮ್ಮಾ, ತಮ್ಮಾ” ಎಂದು ಅತ್ತರು. ಎಷ್ಟೋ ದಿನಗಳ ಮೇಲೆ ಬಾಯಿಬಿಟ್ಟು ಅತ್ತರು. ನನಗೆ ಗೆದ್ದೆ ಅನ್ನಿಸಿತು. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡೆ.

ಆಮೇಲೆ ಇವರು ಅಳುವುದನ್ನು ನಿಲ್ಲಿಸಿದರು. ಹೋರಿಯ ಕೊರಳ ಮೇಲೆ ಕೈ ಇಟ್ಟುಕೊಂಡೇ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ನಾನು ಮೊದಲು ಕಾಣದ ಹೆದರಿಕೆಯಿತ್ತು.

“ಹಂಗಂದ್ರ, ಇಷ್ಟು ವರ್ಷ ಅದು ಗೆದ್ದಿದ್ದು...” ಅಂದು ತಡೆದರು. “ನಾ ಅದನ್ನ ಧೈರ್ಯದ ಹೋರಿ ಅಂದ್ಕೊಂಡಿದ್ನಲ್ಲಾ. ಅದು ಆ ಮಂದೀಗೆ ಅಂಜಿ ನನ್ನ ಕಡೆ ಓಡಿ ಬರ್ತಿತ್ತೇನ?”

ಅಂಗಳದ ಬೈಕು, ಕಪಾಟು, ನನ್ನ ಮಿಕ್ಸಿ ಎಲ್ಲ ಕಣ್ಣ ಮುಂದೆ ಬಂದವು.

“ನನ್ನ ಕಡೆ ಬಂದ ಮ್ಯಾಲೆ ನಾ ಏನ ಮಾಡ್ತಿದ್ನಿ? ಹಗ್ಗಾ ಹಾಕಿ ಮುಂದಿನ ಊರಿಗೆ ಕರಕೊಂಡ ಹೋಗ್ತಿದ್ನಿ.”

ಪಡಸಾಲೆಯಲ್ಲಿ ಇವರ ಫೋನು ಬಡಿದುಕೊಳ್ಳತೊಡಗಿತು. ಅತ್ತೆ ಎತ್ತಿಕೊಂಡು ಬಾಗಿಲಿಗೆ ತಂದರು, “ಬ್ಯಾಡಗಿಯವ್ರು, ಹೊಂಟಾರಂತ,” ಎಂದರು. ಇವರು ಹೋರಿಯನ್ನು ಬಿಟ್ಟು ಬರಲಿಲ್ಲ. ಅಲ್ಲಿಂದಲೇ ಜೋರಾಗಿ, ಮನೆಗೆ ಬಂದ ಮೇಲೆ ಮೊದಲ ಸಲ ಜೋರಾಗಿ ಹೇಳಿದರು: “ಬರಬ್ಯಾಡ್ರಿ ಅನ್ನು ಯವ್ವಾ. ಕೊಡೂದಿಲ್ಲ ಅನ್ನು.”

ತಮ್ಮ ಈಗಲೂ ನಮ್ಮ ಕೊಟ್ಟಿಗೆಯಲ್ಲಿದೆ, ಯಾವ ಹಬ್ಬಕ್ಕೂ ಹೋಗುವುದಿಲ್ಲ. ದೀಪಾವಳಿಯಲ್ಲಿ ಊರಲ್ಲಿ ಪಟಾಕಿ ಹೊಡೆಯುವಾಗ ಇವರು ಟವೆಲ್ಲು ಹೊದ್ದು ಅದರ ಪಕ್ಕ ಕೂತಿರುತ್ತಾರೆ. ನನ್ನ ಹೆದರಿಕೆ ಹೋಯಿತೇ ಎಂದು ಚಾಚಿ ಕೇಳುತ್ತಾರೆ. ಎಲ್ಲಿ ಹೋಗುತ್ತದೆ? ಈಗಲೂ ಮೇವು ಹಾಕಲು ಬಗ್ಗಿದಾಗ ಕುತ್ತಿಗೆಯ ಹಿಂದೆ ಚಳಿ ಹತ್ತುತ್ತದೆ. ಆ ಕಣ್ಣಿನ ಹಿಂದೆ ಯಾರೂ ಇಲ್ಲವೇನೋ ಎಂಬ ಅನುಮಾನ ಈಗ ನನಗಿಲ್ಲ. ಅಷ್ಟು ಹೆದರಲು ಒಳಗೆ ಯಾರಾದರೂ ಇರಲೇಬೇಕು. ಆ ಒಳಗಿನವರು ಇಷ್ಟು ವರ್ಷ ನಾವು ಮಾಡಿದ್ದೆಲ್ಲವನ್ನೂ ನೋಡಿದ್ದಾರೆ, ಆದರೂ ನಮ್ಮ ಹೆಗಲಿಗೆ ಮೂಗು ಇಡುತ್ತಾರೆ. ನನಗೆ ಹೆದರಿಕೆಯಾಗುವುದು ಅದಕ್ಕೇ.